ಕೋರಮಂಡಲಿನ ಬೋರಿಗೆ ಎರಡು ಕ್ಯಾನು ಫೋಮ್

ಬೆಳಗಿನ ಮಾರಿಕುಪ್ಪಂ ರೈಲು ಬೆಂಗಳೂರಿನಿಂದ ಹತ್ತು ನಿಮಿಷ ತಡವಾಗಿ ಹೊರಟಿತು. ಫೆಬ್ರವರಿಯ ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಎರಡು ಪ್ಲಾಸ್ಟಿಕ್ ಕ್ಯಾನುಗಳನ್ನು ಸೀಟಿನ ಕೆಳಗೆ ತಳ್ಳಿ ಕಿಟಕಿ ಪಕ್ಕ ಕೂತೆ. ಬಿಳಿ ಕ್ಯಾನಿನಲ್ಲಿ ಹತ್ತು ಲೀಟರ್ ಇತ್ತು, ಹಳದಿಯದರಲ್ಲಿ ಎರಡೇ ಲೀಟರ್. ಎದುರು ಕೂತಿದ್ದ ಹೆಂಗಸು ಬಗ್ಗಿ ನೋಡಿ, "ಏನಮ್ಮಾ, ಎಣ್ಣೆನಾ?" ಎಂದಳು.

"ಅಲ್ಲ, ಫೋಮ್. ನೊರೆ ಬರಿಸೋದು."

"ಬಟ್ಟೆಗಾ?"

"ಬಾವಿಗೆ," ಎಂದೆ. ಆಮೇಲೆ ಆಕೆ ಬಂಗಾರಪೇಟೆಯವರೆಗೂ ನನ್ನನ್ನು ಮಾತಾಡಿಸಲಿಲ್ಲ.

ಆಕೆಗೆ ಹೇಳಲಾಗದ್ದನ್ನು ಓದುವವರಿಗಾದರೂ ಹೇಳಬೇಕು. ಗೋದಾವರಿ ಸಮುದ್ರ ಸೇರುವ ಕಡೆ ಗ್ಯಾಸ್ ಬಾವಿಗಳಿವೆ. ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ನಾನು ಹದಿನಾರು ವರ್ಷ ನೊರೆ ಬರಿಸುವ ಕೆಲಸ ಮಾಡಿದೆ. ಬಾವಿಗೆ ವಯಸ್ಸಾದಂತೆ ಗ್ಯಾಸಿನ ರಭಸ ಇಳಿಯುತ್ತದೆ, ತಳದಲ್ಲಿ ಉಪ್ಪುನೀರು ನಿಲ್ಲುತ್ತದೆ, ಆ ನೀರಿನ ಭಾರಕ್ಕೆ ಗ್ಯಾಸ್ ಮೇಲೇಳುವುದಿಲ್ಲ. ಆಗ ಮೇಲಿನಿಂದ ಸಾಬೂನಿನ ಜಾತಿಯದೊಂದು ದ್ರವ ಬಿಡುತ್ತೇವೆ. ಕೆಳಗಿನ ಗ್ಯಾಸೇ ನೀರನ್ನು ಕಡೆದು ನೊರೆ ಮಾಡುತ್ತದೆ. ಭಾರದ ನೀರು ಹಗುರ ನೊರೆಯಾಗಿ ಹೊರಗೆ ಬರುತ್ತದೆ. ತೊಂದರೆಯೆಲ್ಲ ಉಪ್ಪಿನದು. ಸಾಮಾನ್ಯ ಫೋಮ್ ಉಪ್ಪುನೀರಿನಲ್ಲಿ ಸತ್ತುಹೋಗುತ್ತದೆ. ಉಪ್ಪನ್ನು ತಡೆದುಕೊಳ್ಳುವ ಫೋಮೇ ಬೇರೆ, ಅದು ಸುಲಭಕ್ಕೆ ಸಿಗುವುದಿಲ್ಲ. ಬಿಳಿ ಕ್ಯಾನಿನದು ಸಾಮಾನ್ಯದ್ದು, ಹಳದಿಯದು ಉಪ್ಪಿನದು.

ಆ ದಿನಗಳಲ್ಲಿ ನನ್ನ ಜೊತೆ ಬಾವಿ ಕಾಯುತ್ತಿದ್ದ ಮುನಿರಾಜು ಈಗ ಬಂಗಾರಪೇಟೆಯಲ್ಲಿದ್ದಾನೆ. ಹಳೆಯ ಲಾರಿಯೊಂದಕ್ಕೆ ಗಾಳಿ ಕಂಪ್ರೆಸರ್ ಕೂರಿಸಿಕೊಂಡು, ಹೂಳು ತುಂಬಿದ ಬೋರ್‌ವೆಲ್‌ಗಳನ್ನು ಶುಚಿ ಮಾಡುತ್ತಾನೆ. ಅವನು ಹಿಂದಿನ ದಿನ ಫೋನ್ ಮಾಡಿದ್ದ.

"ಅಕ್ಕಾ, ಕೋರಮಂಡಲ್ ಲೈನಿನ ಬೋರಲ್ಲಿ ರಾಡು ಕಚ್ಕೊಂಡೈತೆ. ಇಪ್ಪತ್ತೈದು ರಾಡು, ಐನೂರಡಿ. ನೀರು ಬರೀ ಉಪ್ಪು. ಗಾಳಿ ಬುಟ್ರೆ ನೀರು ಬತ್ತದೆ, ಮಣ್ಣು ಮಾತ್ರ ಅಂಗೇ ಕೆಳಕ್ಕೆ ಕೂತ್ಕಂತೈತೆ. ನಾಳೆ ಸಾಯಂಕಾಲದೊಳ್ಗೆ ಬರ್ನಿಲ್ಲ ಅಂದ್ರೆ ಪೂರ್ತಿ ಗಟ್ಟಿಯಾಗ್ಬುಡ್ತದೆ. ನಮ್ಮ ಗ್ಯಾಸ್ ಬಾವಿಗೆ ಆಕ್ತಿದ್ವಲ್ಲ, ಆ ಫೋಮ್ ಎತ್ಕಂಡು ಬನ್ನಿ."

ಒಂದಕ್ಕೊಂದು ಜೋಡಿಸಿ ಬೋರಿನ ತಳಕ್ಕೆ ಗಾಳಿ ಬಿಡುವ ಟೊಳ್ಳು ಕಬ್ಬಿಣದ ರಾಡುಗಳು; ಅವನ ಹತ್ತಿರ ಇರುವುದೇ ಆ ಇಪ್ಪತ್ತೈದು. ಅವು ಒಳಗೇ ಉಳಿದರೆ ಲಾರಿ ಇದ್ದೂ ಕೆಲಸವಿಲ್ಲ, ಗಣಿ ಕೆಲಸಗಾರರ ಸಾಲುಮನೆಗಳಾದ ಆ ಲೈನಿಗೆ ಬೋರೂ ಇಲ್ಲ. ನೀರು ಬಿಟ್ಟುಬಿಡುವ ಹೂಳನ್ನು ನೊರೆ ಹೊತ್ತು ತರುತ್ತದೆ. ಯಾವ ಫೋಮ್ ನಿಲ್ಲುತ್ತದೆಂದು ನೋಡಲು ಒಂದು ಬಾಟ್ಲಿ ಬೋರ್ ನೀರು ಹಿಡಿದಿಡು ಎಂದು ಹೇಳಿ ನಾನು ಚೀಲ ತುಂಬಿಕೊಂಡಿದ್ದೆ.

ಬಂಗಾರಪೇಟೆಯಲ್ಲಿ ರೈಲು ದಿಕ್ಕು ಬದಲಿಸುತ್ತದೆ. ಚಾಲಕ ತನ್ನ ಚೀಲ ಹಿಡಿದು ಪ್ಲಾಟ್‌ಫಾರಂ ಉದ್ದಕ್ಕೂ ಈ ತುದಿಯಿಂದ ಆ ತುದಿಗೆ ಆರಾಮಾಗಿ ನಡೆದುಹೋದ. ನಾನು ಅಷ್ಟರಲ್ಲಿ ಎರಡು ಇಡ್ಲಿ, ಒಂದು ವಡೆ ಮುಗಿಸಿದೆ. ವಡೆ ಬಿಸಿಯಿತ್ತು, ಚಟ್ನಿ ನೀರಾಗಿತ್ತು. ಮತ್ತೆ ಹೊರಟಾಗ ಇಷ್ಟು ಹೊತ್ತು ಮುಂದಕ್ಕೆ ಹೋಗುತ್ತಿದ್ದ ನಾನು ಬೆನ್ನು ಮಾಡಿಕೊಂಡು ಕೆ.ಜಿ.ಎಫ್. ಕಡೆ ಹೋದೆ.

ಕೋರಮಂಡಲಿನಲ್ಲಿ ಇಳಿದವರು ಏಳೆಂಟು ಜನ. ದೂರದಲ್ಲಿ ಗಣಿಯ ಬೂದು ಮಣ್ಣಿನ ಗುಡ್ಡ, ಅದರ ಈಚೆ ಒಂದಕ್ಕೊಂದು ಅಂಟಿಕೊಂಡ ತಗಡಿನ ಸೂರಿನ ಲೈನ್ ಮನೆಗಳು. ಆಟೋದವನು ತಮಿಳಿನಲ್ಲಿ ಕೇಳಿದ, ನಾನು ಕನ್ನಡದಲ್ಲಿ ಹೇಳಿದೆ, ಅವನು ತೆಲುಗಿನಲ್ಲಿ ಯಾರನ್ನೋ ದಾರಿ ಕೇಳಿ ಐದು ನಿಮಿಷಕ್ಕೆ ಲಾರಿಯ ಮುಂದೆ ಇಳಿಸಿದ. ಮುನಿರಾಜು ರಾಡಿಗೆ ಒರಗಿ ನಿಂತಿದ್ದ. ಗಡ್ಡ ಬೆಳ್ಳಗಾಗಿತ್ತು.

"ಬಂದ್ರಾ ಅಕ್ಕಾ," ಎಂದು ಕ್ಯಾನುಗಳನ್ನು ಇಸಿದುಕೊಂಡ. "ಬಾಟ್ಲಿ ಸೆಲ್ವಿ ಮನೆ ಜಗಲಿ ಮ್ಯಾಲೆ ಐತೆ. ಮೇಡಂಗೆ ಅಂತ ಏಳಿ ಇಟ್ಟಿವ್ನಿ."

ಸೆಲ್ವಿಯ ಮನೆ ಬೋರಿಗೆ ಎದುರೇ. ದಿನಾ ಇದೇ ರೈಲಿನಲ್ಲಿ ಬೆಂಗಳೂರಿಗೆ ಮನೆಕೆಲಸಕ್ಕೆ ಹೋಗುವವಳು, ಬೋರಿನ ಸಲುವಾಗಿ ಆವತ್ತು ರಜೆ ಹಾಕಿದ್ದಳು. ಕುಡಿಯುವ ನೀರು ಇವರಿಗೆ ಕ್ಯಾನಿನಲ್ಲಿ ಬರುತ್ತದೆ. ಪಾತ್ರೆ, ಬಟ್ಟೆ, ಸ್ನಾನ ಎಲ್ಲಕ್ಕೂ ಈ ಬೋರೇ. "ವಾಂಗ ಮೇಡಂ, ನೆಳಲಿಗೆ ಬನ್ನಿ," ಎಂದು ಕುರ್ಚಿ ಹಾಕಿ, ಕಾಫಿ ಕೊಟ್ಟು, ಬಾಟ್ಲಿಯನ್ನೂ ತಂದಿಟ್ಟಳು. ಬಾಟ್ಲಿ ಫಳಫಳ ಹೊಳೆಯುತ್ತಿತ್ತು.

ಒಂದು ಲೋಟಕ್ಕೆ ಆ ನೀರು ಸುರಿದು, ಬಿಳಿ ಕ್ಯಾನಿನಿಂದ ನಾಲ್ಕು ತೊಟ್ಟು ಬಿಟ್ಟು, ಅಂಗೈ ಮುಚ್ಚಿ ಅಲ್ಲಾಡಿಸಿದೆ. ನೊರೆ ಲೋಟ ಮೀರಿ ಮುಂಗೈವರೆಗೂ ಬಂತು. ಐದು ನಿಮಿಷ ಕಾದೆ, ಇಳಿಯಲಿಲ್ಲ. ನನಗೆ ಖುಷಿಯಾಯಿತು. ಉಪ್ಪು ಎಂದು ಮುನಿರಾಜು ಸುಮ್ಮನೆ ಹೆದರಿಸಿದ್ದಾನೆ, ಹತ್ತು ಲೀಟರಿನ ಸಾಮಾನ್ಯದ್ದೇ ಸಾಕು, ಹಳದಿ ಕ್ಯಾನನ್ನು ಹಾಗೇ ವಾಪಸ್ ಒಯ್ಯಬಹುದು ಎಂದುಕೊಂಡೆ. ಉಪ್ಪು ನೋಡುವ ಸಿಲ್ವರ್ ನೈಟ್ರೇಟ್ ಸೀಸೆ ಚೀಲದಲ್ಲೇ ಇತ್ತು. ಆದರೆ ಅಷ್ಟು ಚೆಂದದ ನೊರೆ ನೋಡಿದ ಮೇಲೆ ಅದನ್ನು ತೆಗೆಯುವ ಮನಸ್ಸಾಗಲಿಲ್ಲ.

ಹತ್ತು ಲೀಟರನ್ನೂ ಡ್ರಮ್ಮಿನಲ್ಲಿ ಕಲಸಿ ಗಾಳಿಯ ಪೈಪಿನೊಳಗೆ ಕಳಿಸಿದೆವು. ಕಂಪ್ರೆಸರ್ ಅರಚಿತು. ಬೋರಿನ ಬಾಯಿಂದ ನೀರು ಚಿಮ್ಮಿತು, ಬರೀ ನೀರು. ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದು ಒಡೆದುಹೋಯಿತು. ಅರ್ಧ ಗಂಟೆಯ ಮೇಲೆ ಮುನಿರಾಜು ಗಾಳಿ ನಿಲ್ಲಿಸಿ, ಸರಪಳಿ ಎಳೆದು ನೋಡಿದ. ರಾಡು ಮೊದಲಿಗಿಂತ ಬಿಗಿಯಾಗಿತ್ತು. ಅಲ್ಲಾಡಿದ ಹೂಳೆಲ್ಲ ಮತ್ತೆ ಇಳಿದು ಅದರ ಸುತ್ತ ಕೂತಿತ್ತು. ಅವನು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಬೈದಿದ್ದರೇ ಚೆನ್ನಾಗಿತ್ತು.

ನಾನು ಬೋರಿನ ಬಾಯಲ್ಲಿ ನಿಂತಿದ್ದ ನೀರನ್ನು ಬೊಗಸೆಯಲ್ಲಿ ಎತ್ತಿದೆ. ಕೈಗೆ ಅಂಟು ಅಂಟಾಗಿತ್ತು. ಅದನ್ನೊಂದು ಲೋಟಕ್ಕೆ, ಬಾಟ್ಲಿಯದನ್ನೊಂದು ಲೋಟಕ್ಕೆ ಹಾಕಿ ಎರಡಕ್ಕೂ ಸಿಲ್ವರ್ ನೈಟ್ರೇಟ್ ಬಿಟ್ಟೆ. ಬೋರಿನದು ಮಜ್ಜಿಗೆಯಂತೆ ಬೆಳ್ಳಗೆ ಗಡ್ಡೆ ಕಟ್ಟಿತು. ಬಾಟ್ಲಿಯದು ಇದ್ದಂತೆಯೇ ತಿಳಿಯಾಗಿತ್ತು.

"ಮುನಿರಾಜು, ಇದು ಎಲ್ಲಿಯ ನೀರು?"

ಅವನು ಸೆಲ್ವಿಯ ಕಡೆ ನೋಡಿದ. ಸೆಲ್ವಿ ಕುಕ್ಕರುಗಾಲಲ್ಲಿ ಕೂತಿದ್ದವಳು ಎದ್ದು ನಿಂತಳು.

"ಕ್ಯಾನ್ ನೀರು ಮೇಡಂ. ಬೆಳಗ್ಗೆ ಅಣ್ಣ ಬಾಟ್ಲಿ ಇಟ್ಟು ಮೇಡಂಗೆ ಅಂದ್ರು. ಮುಚ್ಳ ತೆಗುದ್ರೆ ಉಪ್ಪುನೀರು. ದೂರದಿಂದ ಬರೋರ್ಗೆ ಅದನ್ನ ಕೊಡ್ತಾರಾ? ಚೆಲ್ಬುಟ್ಟು, ಬಾಟ್ಲಿ ಉಜ್ಜಿ ತೊಳ್ದು, ಒಳ್ಳೆ ನೀರು ತುಂಬ್ಸಿಟ್ಟೆ." ಅವಳ ದನಿ ಇಳಿಯಿತು. "ತಪ್ಪಾಯ್ತಾ?"

ಮುನಿರಾಜು ನಕ್ಕುಬಿಟ್ಟ. "ಅಕ್ಕಾ, ಗ್ಯಾಸ್ ಬಾವಿತಾವ ನಾನೊಂದ್ಸಲ ನಲ್ಲಿ ನೀರು ತಂದುಕೊಟ್ಟಿದ್ದಕ್ಕೆ ಎಂಗೆ ಬೈದ್ರಿ, ಗ್ಯಾಪ್ಕ ಐತಾ? ಬಾವಿ ಬಾಯಲ್ಲಿ ನೀನೇ ಇಡೀಬೇಕು, ನಿನ್ ಕಣ್ಣಾರೆ ಅಂತ ಒಂದು ವಾರ ಏಳುದ್ರಿ."

ನೆನಪಿತ್ತು. ಎಲ್ಲರ ಮುಂದೆ ಬೈದಿದ್ದೆ. ಈಗ ಐದಡಿ ದೂರದ ಬೋರಿಗೆ ಹೋಗಿ ನಾನೇ ನೀರು ಹಿಡಿಯದೆ, ಕುರ್ಚಿಯಲ್ಲಿ ಕೂತು ಕಾಫಿ ಕುಡಿದವಳು ನಾನು. ನಾಚಿಕೆಯಾಯಿತು. "ತಪ್ಪು ನಿನ್ನದಲ್ಲಮ್ಮ," ಎಂದು ಸೆಲ್ವಿಗೆ ಹೇಳಿದೆ. ಅವಳು ನಂಬಿದಂತೆ ಕಾಣಲಿಲ್ಲ.

ಉಳಿದದ್ದು ಎರಡು ಲೀಟರ್. ಒಂದು ಸಲಕ್ಕೆ ಮಾತ್ರ. ಆಗಲೇ ಮೂರು ಗಂಟೆ. ಈ ಸಲ ಬೋರಿನ ನೀರನ್ನು ನಾನೇ ಹಿಡಿದು, ಹಳದಿ ಕ್ಯಾನಿನ ಎರಡು ತೊಟ್ಟು ಹಾಕಿ, ಗಡಿಯಾರ ಮುಂದಿಟ್ಟುಕೊಂಡು ಹತ್ತು ನಿಮಿಷ ಕಾದೆ. ನೊರೆ ಸಣ್ಣದು, ದಟ್ಟವಾದದ್ದು, ನಿಂತಲ್ಲಿ ನಿಂತಿತ್ತು. ಡ್ರಮ್ಮಿಗೆ ಕಲಸಲು ಆರು ಬಿಂದಿಗೆ ನೀರು ಬೇಕೆಂದೆ.

"ಕ್ಯಾನ್ ನೀರು ತರ್ಲಾ?" ಎಂದಳು ಸೆಲ್ವಿ.

"ಬೇಡ. ನಿಮ್ಮ ಉಪ್ಪುನೀರೇ ತಾ."

ನಾನು ಬರುವ ಮೊದಲು ಬೆಳಗ್ಗೆ ಗಾಳಿಗೆ ಚಿಮ್ಮಿದ್ದನ್ನು ಲೈನಿನ ಹೆಂಗಸರು ತೊಟ್ಟಿಗಳಲ್ಲಿ ಹಿಡಿದಿಟ್ಟುಕೊಂಡಿದ್ದರು. ಅದನ್ನೇ ಒಬ್ಬೊಬ್ಬರು ಒಂದೊಂದು ಬಿಂದಿಗೆ ತಂದು ಸುರಿದರು. ಸೆಲ್ವಿ ಎರಡು ತಂದಳು.

ನಿಧಾನವಾಗಿ ಬಿಟ್ಟೆವು. ಮೊದಲು ನೀರು ಬಂತು. ಆಮೇಲೆ ನೀರೂ ನಿಂತಿತು, ಕಂಪ್ರೆಸರಿನ ದನಿ ದಪ್ಪಗಾಯಿತು. ಮುನಿರಾಜು ರಾಡಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿ ನಿಂತ. ಗ್ಯಾಸ್ ಬಾವಿಯ ಪೈಪಿನ ಮೇಲೂ ಅವನು ಹೀಗೇ ಕೈ ಇಡುತ್ತಿದ್ದ.

"ಬತ್ತೈತೆ," ಎಂದ.

ಬೂದು ನೊರೆ ಉಕ್ಕಿದ ಹಾಲಿನಂತೆ ಬೋರಿನ ಬಾಯಿಂದ ಎದ್ದಿತು. ಹರಿಯಲಿಲ್ಲ, ಒಂದರ ಮೇಲೊಂದು ಕೂತು ಬೆಳೆಯಿತು. ಮುಟ್ಟಿ ನೋಡಿದರೆ ಒಳಗೆಲ್ಲ ಮರಳು, ಹೂಳು. ಮುಕ್ಕಾಲು ಗಂಟೆ ಬರುತ್ತಲೇ ಇತ್ತು. ಸರಪಳಿ ಎಳೆದಾಗ ರಾಡು ಒಂದು ಬೆರಳು ಎದ್ದಿತು, ಆಮೇಲೆ ಒಂದು ಗೇಣು, ಆಮೇಲೆ ಸಲೀಸಾಗಿ ಬಂತು. ಪ್ರತಿ ರಾಡು ಲಾರಿಯ ಮೇಲೆ ಬಿದ್ದಾಗಲೂ ಹೆಂಗಸರು ಗಟ್ಟಿಯಾಗಿ ಎಣಿಸಿದರು, ಅರ್ಧ ತಮಿಳು, ಅರ್ಧ ಕನ್ನಡ. ಇಪ್ಪತ್ತೈದನೆಯದು ಬಂದಾಗ ಮುನಿರಾಜು ಕೆಸರಿನಲ್ಲೇ ಕೂತು ಅತ್ತ. ನಾನೂ ಅತ್ತೆ, ಆದರೆ ಕೈಯಲ್ಲಿ ಫೋಮ್ ಇದ್ದದ್ದರಿಂದ ಕಣ್ಣುರಿ ಎಂದು ಹೇಳಿ ಪಾರಾದೆ.

ಸಂಜೆಯ ರೈಲಿಗೆ ಸೆಲ್ವಿ ಸ್ಟೇಷನ್ನಿನವರೆಗೂ ಬಂದಳು. ರೈಲು ಬಂದಾಗ ಸೆರಗಿನ ಮರೆಯಿಂದ ಅದೇ ಬಾಟ್ಲಿ ತೆಗೆದು ಕಿಟಕಿಯಲ್ಲಿ ಕೊಟ್ಟಳು.

"ಈಗ ಸರಿಯಾದ್ದು ಇಡ್ದಿದೀನಿ ಮೇಡಂ. ಬೋರ್ ಬಾಯಲ್ಲಿ, ನಾನೇ, ನನ್ ಕಣ್ಣಾರೆ."

ಬಂಗಾರಪೇಟೆಯಲ್ಲಿ ಚಾಲಕ ಮತ್ತೆ ಚೀಲ ಹಿಡಿದು ಆ ತುದಿಗೆ ನಡೆದ. ಹೊರಗೆ ಹೋಗಿ ಆ ಊರಿನ ಹೆಸರಾಂತ ಪಾನಿಪೂರಿ ತಿಂದು ಬರುವಷ್ಟು ಹೊತ್ತಿರಲಿಲ್ಲ. ಬಾಟ್ಲಿಯ ಮುಚ್ಚಳ ತೆಗೆದು ಒಂದು ತೊಟ್ಟು ನಾಲಗೆಗೆ ಹಾಕಿಕೊಂಡೆ. ಕಟು ಉಪ್ಪು. ಅತಿಥಿಗೆ ಕೊಡಬಾರದೆಂದು ಬೆಳಗ್ಗೆ ಚೆಲ್ಲಿದ್ದ ನೀರನ್ನು ಸಂಜೆ ಅವಳು ತಾನಾಗಿ ತಂದುಕೊಟ್ಟಿದ್ದಳು. ಮುಚ್ಚಳ ಬಿಗಿಮಾಡಿ, ಖಾಲಿ ಕ್ಯಾನುಗಳ ಜೊತೆ ಸೀಟಿನ ಕೆಳಗೆ ಇಡದೆ, ಬೆಂಗಳೂರಿನವರೆಗೂ ಮಡಿಲಲ್ಲೇ ಇಟ್ಟುಕೊಂಡೆ.