ಬೆಳ್ಳಿ ಡಾಲರುಗಳ ಚೀಲ

ನನಗೆ ನಾಣ್ಯ ಸಂಗ್ರಹದ ಹುಚ್ಚು ಹಿಡಿಸಿದವರು ಅಮೆರಿಕದ ಮೀರಾ ಮೆಸಾ ಬಡಾವಣೆಯಲ್ಲಿ ನಮ್ಮ ಬೀದಿಯಲ್ಲೇ ಇದ್ದ ಒಬ್ಬ ಅಮೆರಿಕನ್ ಮುದುಕರು, ನಿವೃತ್ತ ಬಸ್ ಡ್ರೈವರ್. "ಇಲ್ಲಿ ಹೆಚ್ಚಿನವರು ಶುರು ಮಾಡೋದು ಲಿಂಕನ್ ಮುಖದ ಒಂದು ಸೆಂಟಿನ ನಾಣ್ಯದಿಂದ, ಮನಸ್ಸು ಸೋಲೋದು ಹಳೇ ಕಾಲದ ಮಾರ್ಗನ್ ಬೆಳ್ಳಿ ಡಾಲರಿಗೆ" ಎನ್ನುತ್ತಿದ್ದರು. ನಾನೂ ಹಾಗೇ ಸೋತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ನಾಣ್ಯ ಪ್ರದರ್ಶನ ಮುಗಿಸಿ ಇಬ್ಬರೂ ಪಾರ್ಕಿಂಗ್ ಲಾಟಿಗೆ ಬಂದೆವು. ಅವರ ಕೈಯಲ್ಲಿ ಬೆಳ್ಳಿ ಡಾಲರುಗಳ ಚೀಲ, ನನ್ನ ಕೈಯಲ್ಲಿ ಸೆಂಟುಗಳ ಆಲ್ಬಮ್. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದ ಇಬ್ಬರು ಕಾರಿನ ಹಿಂದಿನಿಂದ ನುಗ್ಗಿ, "ಚೀಲ ಕೊಡು!" ಎಂದು ಕಿರುಚಿದರು. ಮುದುಕರು ಕೊಡಲಿಲ್ಲ. ಒಬ್ಬ ಕಬ್ಬಿಣದ ರಾಡಿನಿಂದ ಅವರ ಮುಂಗೈಗೆ ಬಾರಿಸಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಆದರೂ ಅವರು ಬಿಡಲಿಲ್ಲ. ಇನ್ನೊಂದು ಏಟು ತಲೆಗೆ ಬಿತ್ತು.

ಅವರು ಕುಸಿದಾಗ ನನಗೇನಾಯಿತೋ, ದಪ್ಪ ಆಲ್ಬಮನ್ನು ಎತ್ತಿ ರಾಡ್ ಹಿಡಿದವನ ಮುಖಕ್ಕೆ ಅಪ್ಪಳಿಸಿದೆ. ಅವನ ಮೂಗಿನಿಂದ ರಕ್ತ ಚಿಮ್ಮಿತು. ಅವನು ನನ್ನನ್ನು ಡಾಂಬರಿನ ಮೇಲೆ ಕೆಡವಿ ಹೊಟ್ಟೆಗೆ ಒದ್ದ. ಚೀಲ ಕಿತ್ತುಕೊಂಡು ಇಬ್ಬರೂ ಓಡಿದರು. ನಾನು ತೆವಳಿಕೊಂಡು ಹೋಗಿ ಮುದುಕರ ತಲೆಯನ್ನು ದುಪಟ್ಟಾದಿಂದ ಒತ್ತಿ ಹಿಡಿದೆ. "ಕಣ್ಣು ಮುಚ್ಚಬೇಡಿ ಅಂಕಲ್" ಎಂದು ಕನ್ನಡದಲ್ಲೇ ಕೂಗುತ್ತಿದ್ದೆ.

ಅವರು ಬದುಕಿದರು. ಕಳ್ಳರು ಸಿಗಲಿಲ್ಲ.

"ಯಾಕೆ ಬಿಡಲಿಲ್ಲ ಅಂಕಲ್? ಬರೀ ಬೆಳ್ಳಿ ತಾನೆ?" ಎಂದು ಆಸ್ಪತ್ರೆಯಲ್ಲಿ ಅಳುತ್ತಾ ಕೇಳಿದೆ.

"ಹೆಂಡತಿ ಬದುಕಿದ್ದಾಗ ಇಬ್ಬರೂ ಸೇರಿ ಒಂದೊಂದಾಗಿ ಹುಡುಕಿದ್ದು" ಎಂದರು.

ಮುರಿದ ಆ ಕೈಯ ಬೆರಳುಗಳನ್ನು ಮತ್ತೆ ಮಡಚಲು ಅವರಿಗೆ ಆಗಲಿಲ್ಲ. ನನ್ನ ಸಿಟ್ಟು ಇಂದಿಗೂ ಆರಿಲ್ಲ.