ಮುದ್ದೆ ಇಳಿಯದ ಗಂಟಲಿಗೆ ಅಂಬಲಿ

ಒಂದು ನಿಮಿಷ ತಡೀರಿ. ಮನೆಯಲ್ಲಿ ಯಾರಾದರೂ ಊಟ ಇಳೀತಿಲ್ಲ ಅಂದ ಕೂಡಲೇ ಜೀರಿಗೆ ಡಬ್ಬಿಗೆ ಕೈ ಹಾಕುವವರು ನೀವಾದರೆ, ನಮ್ಮ ತಿಪ್ಪಮ್ಮತ್ತೆಯ ವಿಷಯ ಕೇಳಿಕೊಂಡೇ ಹೋಗಿ.

ಭರಮಸಾಗರದಲ್ಲಿ ಅವರದು ನಮ್ಮ ಪಕ್ಕದ ಮನೆ. ಅವರ ಹಾಗೆ ಮುದ್ದೆ ನುಂಗುವವರನ್ನು ನಾನು ನೋಡಿಲ್ಲ. ತುತ್ತು ಮುರಿದು, ಹುರುಳಿ ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ ಮುಗಿಯಿತು, ದವಡೆ ಅಲುಗುತ್ತಿರಲಿಲ್ಲ. ನಮ್ಮ ಕಡೆ ಮುದ್ದೆ ಅಗಿಯುವವರನ್ನು ಕಂಡರೆ ನಗುತ್ತಾರೆ. ಅತ್ತೆಯಂತೂ ಬೈಯುತ್ತಿದ್ದರು: "ಏನಪ್ಪ, ಎಮ್ಮೆ ಮೆಲುಕು ಹಾಕ್ದಂಗೆ ಹಾಕ್ತೀಯ? ನುಂಗಲೇ!"

ಯಾವ ತಿನಿಸು ಯಾರ ಹೊಟ್ಟೆಗೆ ಏನು ಮಾಡುತ್ತದೆ ಅನ್ನುವುದಕ್ಕೆ ಇಡೀ ಬೀದಿ ಅವರನ್ನೇ ಕೇಳುತ್ತಿತ್ತು. "ಅವರೆಕಾಳು ತಿಂದು ಮಲಗ್ಬ್ಯಾಡ, ಹೊಟ್ಟೆ ತಮಟೆ ಆಗ್ತೈತೆ." "ಬದ್ನೆಕಾಯಿ ನಂಜು, ಗಾಯ ಮಾಯೋಗಂಟ ಮುಟ್ಬ್ಯಾಡ." ಪಿಯುಸಿ ಓದುತ್ತಿದ್ದ ನಾನು ಇವನ್ನೆಲ್ಲ ಬರೆದಿಟ್ಟುಕೊಂಡೆ. ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಮನೆಮದ್ದಿನ ಪುಸ್ತಕಗಳನ್ನೂ ಕೊಂಡೆ. ವರ್ಷದೊಳಗೆ ಬೀದಿಯವರಿಗೆ ನಾನೂ ಮದ್ದು ಹೇಳತೊಡಗಿದೆ. "ನಮ್ ಡಾಕ್ಟ್ರು ಬಂದ್ರು, ಚಾಪೆ ಹಾಸ್ರಿ" ಎಂದು ಅತ್ತೆ ರೇಗಿಸುತ್ತಿದ್ದರು. ನನಗೆ ಅದು ಬಿರುದಿನಂತೆ ಕೇಳಿಸುತ್ತಿತ್ತು.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಅತ್ತೆ ಗೋಡೆಗೆ ಮುಖ ಮಾಡಿ ಉಣ್ಣತೊಡಗಿದರು. ಅವರ ಗಂಡ ರುದ್ರಪ್ಪಮಾಮ ಕೆಣಕಿದರು: "ಏನೇ, ಗೋಡೆಗೂ ತುತ್ತು ಕೊಡ್ತೀಯೇನು?" ಅತ್ತೆ ಮುದ್ದೆ ಅಗಿಯುತ್ತಿದ್ದರು. ಯಾರೂ ನೋಡಬಾರದೆಂದು ಬೆನ್ನು ತಿರುಗಿಸಿದ್ದರು.

ಒಂದು ದಿನ ನನ್ನೊಬ್ಬನನ್ನೇ ಹಿತ್ತಲಿಗೆ ಕರೆದರು. "ಲೇ, ಮುದ್ದೆ ಎದೆತಾವ ನಿಂತ್ಕಂತೈತೆ. ಮಾಮಂಗೆ ಹೇಳ್ಬ್ಯಾಡ. ಏನ್ ತಿನ್ಲಿ?"

ಅತ್ತೆ ನನ್ನನ್ನು ಕೇಳುವುದೆಂದರೆ! ಉಬ್ಬಿಹೋದೆ. "ಜಠರಾಗ್ನಿ ಮಂದ ಆಗೈತತ್ತೆ. ಮುದ್ದೆ ಬಿಡ್ರಿ. ಅಂಬಲಿಗೆ ಮಜ್ಜಿಗೆ, ಜೀರಿಗೆ ಹಾಕ್ಕಂಡು ಕುಡೀರಿ."

ಮರುದಿನವೇ ಅತ್ತೆ ಬೇಲಿಯಾಚೆಯಿಂದ ಕೂಗಿದರು: "ಸಲೀಸಾಗಿ ಇಳೀತು ಕಣಪ್ಪ!"

ಇಳಿಯದೇ ಏನು? ದಾರಿ ಮುಚ್ಚಿಕೊಳ್ಳುತ್ತಿದ್ದರೂ ನೀರಾದದ್ದು ಸಂದಿಯಲ್ಲಿ ಇಳಿಯುತ್ತದೆ. ಇಷ್ಟು ನನಗೆ ಹೊಳೆಯಲಿಲ್ಲ. ಅತ್ತೆಯ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. "ಅಂಬಲಿ ಬೊಜ್ಜು ಕರಗಿಸ್ತೈತೆ, ಒಳ್ಳೇದೇ" ಎಂದೆ. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಅಂಬಲಿಯೂ ವಾಪಸು ಬರತೊಡಗಿದಾಗ ಮಾಮ ಅತ್ತೆಯನ್ನು ದುರ್ಗದ ಆಸ್ಪತ್ರೆಗೆ ಹೊರಡಿಸಿದರು. ನಾನೂ ಹೋದೆ. ಗಂಟಲಲ್ಲಿ ಪೈಪು ಬಿಟ್ಟು ನೋಡಿದ ಡಾಕ್ಟರು ಅನ್ನನಾಳದಲ್ಲಿ ಗಡ್ಡೆ ಇದೆ ಎಂದರು. "ಯಾವಾಗಿಂದ ಊಟ ಇಳೀತಿಲ್ಲಮ್ಮ?"

ಅತ್ತೆ ಒಮ್ಮೆ ನನ್ನ ಕಡೆ ನೋಡಿದರು. "ಮೊನ್ನೆಯಿಂದ ಸಾರ್."

"ಮೊನ್ನೆಯಿಂದ ಯಾರೂ ಇಷ್ಟು ಬಡವಾಗಲ್ಲ. ಗಟ್ಟಿ ಊಟ ನಿಂತಾಗಲೇ ಬರ್ಬೇಕಿತ್ತು."

ಹಿತ್ತಲಲ್ಲಿ ನಡೆದ ಮಾತನ್ನು ನಾನು ಮಾಮನಿಗೆ ಇವತ್ತಿಗೂ ಹೇಳಿಲ್ಲ.

ಮನೆಗೆ ವಾಪಸು ಕರೆತಂದ ಮೇಲೆ ಕೊನೆಯ ಸಲ ನೋಡಿದಾಗ ಮಾಮ ಒದ್ದೆ ಬಟ್ಟೆಯಿಂದ ಅತ್ತೆಯ ತುಟಿ ಒರೆಸುತ್ತಿದ್ದರು. ನೋಡಲು ಬಂದಿದ್ದ ಹೆಂಗಸೊಬ್ಬರು "ಎಳನೀರು ಕೊಡ್ರಿ, ತಂಪು" ಎಂದರು. ಕೊಡಬಹುದಾ ಎಂಬಂತೆ ಎಲ್ಲರೂ ನನ್ನ ಮುಖ ನೋಡಿದರು. ನಾನು ಎದ್ದು ಹೊರಗೆ ಬಂದೆ. ಮೂರನೇ ದಿನ ಅತ್ತೆ ಹೋದರು.

ನಿಮ್ಮ ಮನೆಯಲ್ಲೂ ಹೀಗೆ ಅಡುಗೆಮನೆಯ ಸಮಾಧಾನ ಒಳಗಿನ ರೋಗವನ್ನು ಮುಚ್ಚಿಟ್ಟಿದ್ದರೆ ದಯವಿಟ್ಟು ಬರೆಯಿರಿ. ಮೊದಲು ಕಂಡ ಗುರುತು ಯಾವುದು, ಎಷ್ಟು ದಿನ ಕಾದಿರಿ, ಅಷ್ಟನ್ನಾದರೂ ಬರೆಯಿರಿ. ನಾನು ಅತ್ತೆಯನ್ನು ಕಾಯಿಸಿದ್ದು ಮೂರು ತಿಂಗಳು.