ಜೀಪು ಮಾರಲು ಲಿಂಗಸುಗೂರಿಗೆ

ಗೊರೇಬಾಳದ ನಮ್ಮ ಮನೆಯಿಂದ ಬೆಳಗಿನ ಆರೂವರೆಗೆ ನಾನೂ ಅಪ್ಪನೂ ಹೊರಟೆವು. ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಭತ್ತದ ಕೊಯ್ಲು ಮುಗಿದು ಥಂಡಿ ಬಿದ್ದಿತ್ತು. ಜೀಪು ಎಂದಿನಂತೆ ಕಾಲುವೆಯ ಏರಿಯ ಮೇಲೆ ನಿಂತಿತ್ತು. ಬ್ರೇಕ್ ಬಿಟ್ಟರೆ ಇಳಿಜಾರಿನಲ್ಲಿ ತಾನೇ ಉರುಳುತ್ತಿತ್ತು, ಗೇರಿಗೆ ಹಾಕಿದೊಡನೆ ಇಂಜಿನ್ ಚಾಲೂ ಆಗುತ್ತಿತ್ತು. ಏರಿ ಇರುವಾಗ ಸೆಲ್ಫ್ ಹೊಡೆದು ಬ್ಯಾಟರಿ ದಣಿಸುವುದೇಕೆ ಎಂದು ಊರಲ್ಲಿ ನಾವು ಕೀಲಿ ತಿರುವಿ ಚಾಲೂ ಮಾಡುತ್ತಿದ್ದುದೇ ಅಪರೂಪ.

ಅದು ಮಿಲಿಟರಿ ಹರಾಜಿನಲ್ಲಿ ಬಂದ ಪೆಟ್ರೋಲ್ ಜೀಪು. ಎರಡು ವರ್ಷ ಅದರ ಹೊಟ್ಟೆಯ ಕೆಳಗೆ ಮಲಗಿ ನಾನು ಡೀಸೆಲ್ ಇಂಜಿನ್ ಕೂರಿಸಿದ್ದೆ. ಮೈಯನ್ನು ಒಂದು ಗೇಣು ಎತ್ತರಿಸಿ, ಹಿಂದೆ ಅಗಲ ಟೈರು ಹಾಕಿ, ಹಳೆಯ ವೈರುಗಳನ್ನೆಲ್ಲ ಕಿತ್ತು ಹೊಸದಾಗಿ ಎಳೆದಿದ್ದೆ. ಎತ್ತು ಹೂತು ನಿಲ್ಲುವ ಕೆಸರಿನಲ್ಲೂ ಅದು ನಿಲ್ಲುತ್ತಿರಲಿಲ್ಲ. ಈ ಮಾತಿನಲ್ಲಿ ಸ್ವಲ್ಪ ಹೆಚ್ಚುಗಾರಿಕೆ ಇರಬಹುದು, ಕಟ್ಟಿದವನು ನಾನಲ್ಲವೇ.

ಅಪ್ಪನಿಗೆ ಟ್ರ್ಯಾಕ್ಟರ್ ಬೇಕಿತ್ತು. ಜೀಪು ಇನ್ನೂ ಏರಿಯ ಮೇಲೆ ಇರುವಾಗಲೇ ಟ್ರ್ಯಾಕ್ಟರಿಗೆ ಊರಲ್ಲಿ ಡ್ರೈವರನನ್ನೂ ಗೊತ್ತು ಮಾಡಿ ಬಂದಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ. ಕೊಳ್ಳುವವರು ಲಿಂಗಸುಗೂರಿನ ಒಬ್ಬ ಅಂಗಡಿ ಸಾಹುಕಾರರು. ಪಾಮನಕಲ್ಲೂರು ಕಡೆ ಅವರಿಗೆ ಎರೆಹೊಲ ಇತ್ತು. ಅವರದು ಒಂದೇ ಷರತ್ತು. "ಕೀಲಿ ತಿರುವಿದ್ರ ಹೊಡೀಬೇಕ್ರೀ. ದಬ್ಬೋ ಗಾಡಿ ನಮಗ ಬ್ಯಾಡ" ಎಂದು ಹೇಳಿ ಕಳಿಸಿದ್ದರು. ನನಗೆ ಮಾರಲು ಸುತರಾಂ ಮನಸ್ಸಿರಲಿಲ್ಲ. ನಾಲ್ಕು ದಿನದಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದೆ.

ಸಿಂಧನೂರಿನಲ್ಲಿ ಇಂಜಿನ್ ಆರಿಸದೆಯೇ ಡೀಸೆಲ್ ಹಾಕಿಸಿ ಮಸ್ಕಿಯ ದಾರಿ ಹಿಡಿದೆವು. ಒಂದಷ್ಟು ದೂರ ಕೊಯ್ದ ಗದ್ದೆಗಳ ಹುಲ್ಲಿನ ವಾಸನೆ ಜೊತೆಗಿತ್ತು. ಕಾಲುವೆ ನೀರು ತಪ್ಪಿದ ಮೇಲೆ ಜೋಳ, ಹತ್ತಿ, ಕಲ್ಲು. ಡಾಂಬರು ಅಲ್ಲಲ್ಲಿ ಎದ್ದುಹೋಗಿತ್ತು. ಮಸ್ಕಿ ಮುಟ್ಟಲು ಒಂದು ತಾಸು ಹಿಡಿಯಿತು. ಈಗ ಅರ್ಧ ತಾಸು ಸಾಕು. ಆದರೂ ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಆ ತಡವೇ ಬೇಕೆನಿಸುತ್ತದೆ. ಆ ಜೀಪಿನ ಸ್ಟೇರಿಂಗ್ ನನ್ನ ಕೈಯಲ್ಲಿದ್ದ ಕೊನೆಯ ತಾಸುಗಳು ಅವು.

ಮಸ್ಕಿಯಲ್ಲಿ ಗುಡ್ಡದ ಕಡೆಗೆ ಖಾಸಿಂ ಸಾಬರ ಚಾದಂಗಡಿ ಇತ್ತು. "ಆರಿಸಲೇ, ಡೀಸೆಲ್ ಸುಮ್ನ ಸುಡಾಕತ್ತೈತಿ" ಎಂದ ಅಪ್ಪ. ಆರಿಸಿದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಚಾ ಕುಡಿದು ಬಂದು ಕೀಲಿ ತಿರುವಿದರೆ 'ಕಟಕ್' ಎಂದು ಒಂದು ಸದ್ದು, ಅಷ್ಟೇ. ಇನ್ನೊಮ್ಮೆ ತಿರುವಿದೆ. ಮತ್ತೆ ಕಟಕ್. ಅಲ್ಲಿ ಏರಿಯೂ ಇಲ್ಲ, ಇಳಿಜಾರೂ ಇಲ್ಲ.

"ಎರಡು ವರ್ಷ ಕಟ್ಟಿದ ಗಾಡಿ ನೋಡ್ರಿ ಇದು" ಎಂದು ಅಪ್ಪ ಅಂಗಡಿಯವರಿಗೆಲ್ಲ ಕೇಳುವಂತೆ ಹೇಳಿದ.

"ಬ್ಯಾಟ್ರಿ ಖಲಾಸ್ ಆಗ್ಯಾದ್ರೀ" ಎಂದು ಖಾಸಿಂ ಸಾಬರು ತೀರ್ಪು ಕೊಟ್ಟರು.

ಹಿಂದಿನ ದಿನವಷ್ಟೇ ಸಿಂಧನೂರಿನಲ್ಲಿ ಚಾರ್ಜ್ ಮಾಡಿಸಿ ತಂದ ಬ್ಯಾಟರಿ. ಹಾರ್ನ್ ಒತ್ತಿದೆ, ಜೋರಾಗಿ ಕೂಗಿತು. ದೀಪ ಹಾಕಿ, ಖಾಸಿಂ ಸಾಬರನ್ನು ಮುಂದೆ ನಿಲ್ಲಿಸಿ ಕೀಲಿ ತಿರುವಿದೆ. "ದೀಪ ಸತ್ತೇ ಹೋತ್ರೀ" ಎಂದರು. ಅಂದರೆ ಬ್ಯಾಟರಿಯಲ್ಲಿ ಶಕ್ತಿ ಇದೆ, ಆದರೆ ಸೆಲ್ಫ್ ಕೇಳುವಷ್ಟು ಹೊರಗೆ ಬರಲು ಯಾವುದೋ ಜೋಡಣೆ ಬಿಡುತ್ತಿಲ್ಲ. ಬಣ್ಣ ಬಳಿದ ಚಾಸಿಯ ಮೇಲೆ ಅರ್ಥಿಂಗ್ ಕೂತಿಲ್ಲವೇನೋ ಎಂದು ಅದನ್ನು ಬಿಚ್ಚಿ ನೋಡಿದೆ. ಫಳಫಳ ಹೊಳೆಯುತ್ತಿತ್ತು. ಕೊನೆಗೆ ನಾಲ್ಕೈದು ಸಲ ಕೀಲಿ ತಿರುವಿ, ಒಂದೊಂದೇ ಜೋಡಣೆಯನ್ನು ಬೆರಳಿನಿಂದ ಮುಟ್ಟುತ್ತ ಬಂದೆ. ಕರೆಂಟು ಎಲ್ಲಿ ತಡೆಯುತ್ತದೋ ಅಲ್ಲಿ ಬಿಸಿ ಇರುತ್ತದೆ. ಬ್ಯಾಟರಿಯ ಪ್ಲಸ್ ಕಡೆ ವೈರನ್ನು ಕಚ್ಚಿಸಿದ್ದ ಹಿಡಿಕೆ ಬೆರಳು ಸುಟ್ಟಿತು.

ಪಾನಾ ಹಾಕಿ ಹಿಡಿಕೆ ಬಿಚ್ಚಿದೆ. ಒಳಗೆ, ಸೀಸದ ಗುಬುಟಿನ ಸುತ್ತ, ಒಣಗಿ ಗಟ್ಟಿಯಾದ ವಿಭೂತಿ. ಹಿಂದಿನ ಸಂಜೆ ಬ್ಯಾಟರಿಯನ್ನು ಜಗಲಿಯ ಮೇಲೆ ಇಟ್ಟಿದ್ದೆ. ಎರಡರಲ್ಲಿ ದಪ್ಪನೆಯ ಆ ಗುಬುಟು ಅವ್ವನ ಕಣ್ಣಿಗೆ ಲಿಂಗದ ಹಾಗೆ ಕಂಡಿರಬೇಕು, ನೀರಲ್ಲಿ ಕಲಸಿ ತುಂಬ ಹಚ್ಚಿದ್ದಳು. ದಾರಿಯಲ್ಲಿ ನಮಗೇನೂ ಆಗದಿರಲಿ ಎಂದು ಹಚ್ಚಿದ್ದಾಳೆ ಅಂದುಕೊಂಡೆ. ಬೆಳಗಿನ ಮಬ್ಬಿನಲ್ಲಿ ನಾನು ನೋಡದೆ ಮೇಲೆಯೇ ಹಿಡಿಕೆ ಬಿಗಿದಿದ್ದೆ.

"ಏ, ಸಾಕು ಮಾಡು. ನಾಕು ಮಂದಿ ದಬ್ಬಿದ್ರ ಹೊಂಡತೈತಿ, ನಡಿ" ಎಂದು ಅಪ್ಪ ಅಂಗಡಿಯ ಬೆಂಚಿನಿಂದ ಕೂಗಿದ.

ಆಗ ಹೊಳೆಯಿತು. ಹಿಡಿಕೆಯನ್ನು ಇದ್ದಂತೆಯೇ ಬಿಗಿದುಬಿಟ್ಟರೆ ಸಾಕು. ಇಲ್ಲಿ ದಬ್ಬಿಸಿಕೊಂಡು ಹೋಗಬಹುದು. ಲಿಂಗಸುಗೂರಿನಲ್ಲಿ ಸಾಹುಕಾರರು ಕೀಲಿ ತಿರುವುತ್ತಾರೆ, ಕಟಕ್ ಎನ್ನುತ್ತದೆ, ಬ್ಯಾಡ್ರಿ ಎನ್ನುತ್ತಾರೆ. ಜೀಪು ನನ್ನ ಜೊತೆ ಮನೆಗೆ ಬರುತ್ತದೆ. ನಾನು ಒಂದು ಸುಳ್ಳನ್ನೂ ಹೇಳಬೇಕಾಗಿರಲಿಲ್ಲ. ಪಾನಾ ಹಿಡಿದುಕೊಂಡು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ.

ಖಾಸಿಂ ಸಾಬರು ಬಗ್ಗಿ ನೋಡಿದರು. "ಯಾರು ಹಚ್ಯಾರ್ರೀ?"

"ನಮ್ಮವ್ವ."

"ತಾಯಿ ಹಚ್ಚಿದ್ದು ಕೆರೀತೀರೇನು?"

ಕೆರೆದೆ. ಸ್ಯಾಂಡ್ ಪೇಪರ್ ತೆಗೆದು ಸೀಸ ಬೆಳ್ಳಗೆ ಕಾಣುವವರೆಗೆ ತಿಕ್ಕಿದೆ. ಯಾಕೆಂದರೆ ಅಂಗಡಿಯ ಮುಂದೆ ಅಷ್ಟು ಜನ ನಿಂತು, ನಾನು ಕಟ್ಟಿದ ಗಾಡಿ ಕಟಕ್ ಎನ್ನುವುದನ್ನು ಕೇಳಿದ್ದರು. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಹಿಡಿಕೆ ಬಿಗಿದು ಕೀಲಿ ತಿರುವಿದೆ. ಒಂದೇ ಏಟಿಗೆ ಗುಡುಗಿತು. ನನಗೆ ನಿಜಕ್ಕೂ ಸಂತೋಷವಾಯಿತು. ದಾರಿಯಲ್ಲಿ ಮೂರ್ನಾಲ್ಕು ಕಿಲೋಮೀಟರ್ ಹೋದ ಮೇಲೆ ಆ ಸಂತೋಷ ಇಳಿಯಿತು.

ಲಿಂಗಸುಗೂರು ಮುಟ್ಟಿದಾಗ ಬಿಸಿಲು ಏರಿತ್ತು. ಸಾಹುಕಾರರು ಅಂಗಡಿಯಿಂದ ಇಳಿದು ಬಂದು, ಜೀಪು ಆರಿಸಲು ಹೇಳಿ, ತಾವೇ ಕುಳಿತು ಕೀಲಿ ತಿರುವಿದರು. ಮೊದಲ ಸಲಕ್ಕೇ ಹೊಡೆಯಿತು. ಆರಿಸಿ ಮತ್ತೆ ತಿರುವಿದರು. "ಭೇಷ್ ಐತಿ ಗಾಡಿ. ಯಾರ ಕೈಗೆಲಸ?" ಎಂದರು. ಅಪ್ಪ ನನ್ನ ಕಡೆ ತೋರಿಸಿದ. ಅವನ ಮುಖದಲ್ಲಿ ಹೆಮ್ಮೆ ಇತ್ತು, ನಾನು ನೋಡದವನಂತೆ ಬೇರೆ ಕಡೆ ತಿರುಗಿದೆ. ಕಾಗದಗಳಿಗೆ ಸಹಿ ಆದವು. ಬಸ್ ಸ್ಟ್ಯಾಂಡಿನ ಕಡೆ ತಿರುಗುವ ಮೂಲೆಯಲ್ಲಿ ನಿಂತು ನೋಡಿದಾಗ ಯಾರೋ ಅದರ ಸೀಟಿನ ಮೇಲಿನ ಧೂಳು ಒರೆಸುತ್ತಿದ್ದರು.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಗಲಿಲ್ಲ. ಮಸ್ಕಿಯವರೆಗೆ ನಿಂತೇ ಬಂದೆವು, ನಾನಿನ್ನೂ ಅಪ್ಪನ ಜೊತೆ ಮಾತು ಬಿಟ್ಟೇ ಇದ್ದೆ. ಸಿಂಧನೂರಿನಿಂದ ಇನ್ನೊಂದು ಬಸ್ಸು. ಗೊರೇಬಾಳ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅಪ್ಪ ಹೊರಗೆ ಕಟ್ಟೆಯ ಮೇಲೆ ಕುಳಿತ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಹೋತೇನು?"

"ಹೋತು."

"ಮನ್ಯಾಗ ಉಳೀಲಿ ಅಂತ ಬ್ಯಾಟ್ರಿಗೆ ಈಬತ್ತಿ ಹಚ್ಚಿದ್ನೋ. ಶಿವ ಕಿವಿಗೆ ಹಾಕ್ಕೊಳ್ಳಲಿಲ್ಲ."

ಸುಮ್ಮನಿರಬಹುದಿತ್ತು, ಆಗಲಿಲ್ಲ. "ಹಾಕ್ಕೊಂಡಿದ್ದ ಅವ್ವಾ. ಮಸ್ಕ್ಯಾಗ ಗಾಡಿ ನಿಂತಿತ್ತು. ನಾನೇ ಅದನ್ನ ಕೆರದು ಚಾಲೂ ಮಾಡಿದೆ."

ಬಡಿಯುವ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತತೊಡಗಿದಾಗ ಅದನ್ನು ತಿರುವಿ ಹಾಕಿ ಹೇಳಿದಳು:

"ಹಂಗಾದ್ರ ಮಾರಿದಾಂವ ನೀನೇ. ನಿಮ್ಮಪ್ಪನ ಮ್ಯಾಲ ಯಾತರ ಸಿಟ್ಟು?"

ಹೊರಗೆ ಬಂದೆ. ಕತ್ತಲಾಗುತ್ತಿತ್ತು. ಅಪ್ಪ ಖಾಲಿ ಏರಿಯ ಕಡೆ ನೋಡುತ್ತ ಕುಳಿತಿದ್ದ.

"ಅಪ್ಪಾ, ಊಟಕ್ಕ ಏಳು" ಅಂದೆ.